ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ: ಮನೆಗೆ ಮರಳಿದ ಮೇಲೂ ಎಚ್ಚರ ಅಗತ್ಯ

ಜನ್ಮಜಾತ ಹೃದ್ರೋಗವುಳ್ಳ ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ಚಿಕಿತ್ಸೆಯ ಕೊನೆಯಲ್ಲ. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದಂತಹ ಊರಿನ ಮಗು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ದೂರದ ಆಸ್ಪತ್ರೆಯಿಂದ ಮರಳಿದಾಗ, ತೊಡಕನ್ನು ಮೊದಲು ಗುರುತಿಸಬೇಕಾದವರು ಮನೆಯವರೇ.

ಆಸ್ಪತ್ರೆಯಲ್ಲಿ: ಮೊದಲ 24 ಗಂಟೆಗಳಲ್ಲಿ ರಕ್ತವನ್ನು ಹೊರದೂಡುವ ಹೃದಯದ ಶಕ್ತಿ ಕುಗ್ಗುವುದುಂಟು. ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ ರಕ್ತದೊತ್ತಡ, ಮೂತ್ರದ ಪ್ರಮಾಣ, ಕೈಕಾಲುಗಳ ಬಿಸಿಯನ್ನು ಗಮನಿಸಲಾಗುತ್ತದೆ. ಬಡಿತದ ಏರುಪೇರು ಇಸಿಜಿಯಿಂದ ತಿಳಿಯುತ್ತದೆ. ಹೃದಯದ ವಿದ್ಯುತ್ ಸಂಕೇತ ಸಂಪೂರ್ಣ ತಡೆಗೊಂಡು, 7ರಿಂದ 10 ದಿನಗಳಲ್ಲಿ ಸರಿಹೋಗದಿದ್ದರೆ ಶಾಶ್ವತ ಪೇಸ್‌ಮೇಕರ್ ಬೇಕಾಗುತ್ತದೆ.

ಮನೆಯಲ್ಲಿ: ಸಾಮಾನ್ಯವಾಗಿ 1ರಿಂದ 6 ವಾರಗಳ ನಡುವೆ ಹೃದಯದ ಹೊರಪೊರೆ ಊದಿಕೊಂಡು ಅದರೊಳಗೆ ನೀರು ತುಂಬಬಹುದು. ಜ್ವರ, ಎದೆನೋವು, ವಾಂತಿ, ಏದುಸಿರು ಇದರ ಲಕ್ಷಣಗಳು. ಹಸುಗೂಸುಗಳು ಹಾಲು ಬಿಟ್ಟು ರಚ್ಚೆ ಹಿಡಿಯುತ್ತವೆ. ಇದನ್ನು ನೆಗಡಿ ಜ್ವರವೆಂದು ಭಾವಿಸಿ ಕಾಯುವುದು ಅಪಾಯಕರ. ಎಕೋ ಪರೀಕ್ಷೆಯಿಂದ ನೀರು ಪತ್ತೆಯಾಗುತ್ತದೆ. ಬಹುಪಾಲು ಪ್ರಕರಣಗಳಲ್ಲಿ ಔಷಧಿಯೇ ಸಾಕು. ನೀರು ಹೃದಯವನ್ನು ಅದುಮುತ್ತಿದ್ದರೆ ಸೂಜಿಯಿಂದ ತಕ್ಷಣ ಹೊರತೆಗೆಯಬೇಕಾಗುತ್ತದೆ. ಮೂರ್ಛೆ, ತುಟಿ ನೀಲಿಗಟ್ಟುವಿಕೆ, ಗಾಯದಲ್ಲಿ ಕೀವು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮುಂದಿನ ದಿನಗಳಲ್ಲಿ: ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯದ ಒಳಪೊರೆಗೆ ತಗಲಬಹುದು. ಕೃತಕ ತೇಪೆಯಿಂದ ರಂಧ್ರ ಮುಚ್ಚಿದ್ದರೆ, ಮೊದಲ 6 ತಿಂಗಳು ಹಲ್ಲು ಕೀಳಿಸುವ ಮುನ್ನ ಪ್ರತಿಜೀವಕ ಔಷಧಿ ಅಗತ್ಯ. ಫ್ಯಾಲೋ ಚತುಷ್ಟಯದಂತಹ ದೋಷ ಸರಿಪಡಿಸಿಕೊಂಡವರಲ್ಲಿ ಕವಾಟ ವರ್ಷಗಳ ನಂತರ ಸೋರಬಹುದಾದ್ದರಿಂದ ತಪಾಸಣೆ ಜೀವನಪರ್ಯಂತ ನಡೆಯಬೇಕು.

ಶಸ್ತ್ರಚಿಕಿತ್ಸೆಯ ವಿವರವುಳ್ಳ ಬಿಡುಗಡೆ ಪತ್ರ ಸದಾ ಕೈಯಲ್ಲಿರಲಿ. ತುರ್ತು ಸಮಯದಲ್ಲಿ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಅದೇ ದಾರಿದೀಪ.