ಜೊತೆಗಾರನನ್ನು ತಾವೇ ಆರಿಸಿಕೊಂಡವರು

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ಕಲ್ಲಿದ್ದಲು ಸಾಲುತ್ತಿರಲಿಲ್ಲ. 1947ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. ಯಂತ್ರಗಳೂ ಇದ್ದವು. ಆದರೂ ಇಳುವರಿ ಎಣಿಸಿದಷ್ಟು ಏರಲಿಲ್ಲ, ಕೆಲಸಕ್ಕೆ ಬಾರದವರೇ ಹೆಚ್ಚು. ಇದು ಸೋಮಾರಿತನವೇ? ಲಂಡನ್ನಿನ ಟ್ಯಾವಿಸ್ಟಾಕ್ ಇನ್‌ಸ್ಟಿಟ್ಯೂಟಿನ ಎರಿಕ್ ಟ್ರಿಸ್ಟ್ ಮತ್ತು ಹದಿನೆಂಟು ವರ್ಷ ಗಣಿಯಲ್ಲೇ ದುಡಿದಿದ್ದ ಕೆನ್ ಬ್ಯಾಮ್‌ಫರ್ತ್ 1951ರಲ್ಲಿ ಬೇರೆ ಉತ್ತರ ಕೊಟ್ಟರು.

ಹಳೆಯ ಪದ್ಧತಿಯಲ್ಲಿ ಇಬ್ಬರು ಮೂವರು ಸೇರಿ ಕಲ್ಲಿದ್ದಲು ಅಗೆದು ತುಂಬುವವರೆಗಿನ ಇಡೀ ಕೆಲಸ ಮಾಡುತ್ತಿದ್ದರು. ಜೊತೆಗಾರನನ್ನು ಅವರೇ ಆರಿಸಿಕೊಳ್ಳುತ್ತಿದ್ದರು, ಆ ನಂಟು ವರ್ಷಗಟ್ಟಲೆ ಬಾಳುತ್ತಿತ್ತು. ಒಬ್ಬ ಸತ್ತರೆ ಅವನ ಸಂಸಾರವನ್ನು ಇನ್ನೊಬ್ಬ ನೋಡಿಕೊಳ್ಳುವುದೂ ಇತ್ತು. 'ಲಾಂಗ್‌ವಾಲ್' ಪದ್ಧತಿ ಇದನ್ನು ಒಡೆಯಿತು. ಸುಮಾರು ನಲವತ್ತು ಜನ, ಮೂರು ಪಾಳಿ, ಒಂದೊಂದು ಪಾಳಿಗೆ ಒಂದೊಂದು ತುಂಡು ಕೆಲಸ. ಹಿಂದಿನ ಪಾಳಿಯ ಎಡವಟ್ಟು ಮುಂದಿನವರ ತಲೆಗೆ. ಮುಖಾಮುಖಿಯಾಗದವರು ಪರಸ್ಪರ ದೂರತೊಡಗಿದರು.

1953ರಲ್ಲಿ ಅದೇ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೋ ಗಿರಣಿಗೆ ಬಂದರು. ಅಲ್ಲೊಂದು ಶೆಡ್ಡಿನಲ್ಲಿ 224 ಸ್ವಯಂಚಾಲಿತ ಮಗ್ಗ, 29 ಕೆಲಸಗಾರರು, 12 ಬಗೆಯ ಕೆಲಸ. ಯಾರು ಯಾರ ಜೊತೆಗಾರರೆಂಬುದೇ ಸ್ಪಷ್ಟವಿರಲಿಲ್ಲ. ಒಂದಿಷ್ಟು ಮಗ್ಗಗಳ ಪೂರ್ಣ ಹೊಣೆಯನ್ನು ಒಂದು ಸಣ್ಣ ಗುಂಪಿಗೆ ವಹಿಸಬಹುದೆಂದು ರೈಸ್ ಸೂಚಿಸಿದರು. ಕೆಲಸಗಾರರು ಅದನ್ನು ತಮ್ಮದಾಗಿಸಿಕೊಂಡು ಗುಂಪುಗಳನ್ನು ತಾವೇ ಕಟ್ಟಿಕೊಂಡರು. ಮಗ್ಗ ಅವೇ, ಜನ ಅವರೇ. ಬಟ್ಟೆಯ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು.

ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಟ್ಯಾವಿಸ್ಟಾಕ್ ಕ್ಲಿನಿಕ್ಕಿನ ಬಳಗದಿಂದ. ಅದೇ ಕ್ಲಿನಿಕ್ಕಿನಲ್ಲಿ ಜಾನ್ ಬೌಲ್ಬಿ ತಾಯಿ-ಮಗುವಿನ ನಂಟನ್ನು ಅಭ್ಯಸಿಸುತ್ತಿದ್ದರು. ತಾಯಿ ಹತ್ತಿರವಿದ್ದಾಳೆಂಬ ಭರವಸೆಯಿದ್ದರೆ ಮಗು ಅಂಬೆಗಾಲಿಟ್ಟು ದೂರ ಹೋಗಿ ಲೋಕ ನೋಡುತ್ತದೆ. 1990ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ದೊಡ್ಡವರ ಕೆಲಸವನ್ನು ಈ ಲೋಕ ನೋಡುವ ಆಟಕ್ಕೆ ಹೋಲಿಸಿದರು. ನಂಟಿನಲ್ಲಿ ಭರವಸೆಯುಳ್ಳವರು ಕೆಲಸದಲ್ಲೂ ನೆಮ್ಮದಿಯಾಗಿದ್ದರು. ಆತಂಕದವರಿಗೆ ತಿರಸ್ಕಾರದ ಭಯ. ದೂರ ಉಳಿಯುವವರಿಗೆ ಕೆಲಸವೇ ಜನರಿಂದ ತಪ್ಪಿಸಿಕೊಳ್ಳುವ ಮರೆ. ಅದೇ ವರ್ಷ ವಿಲಿಯಂ ಕಾನ್, ಕೆಲಸದಲ್ಲಿ ಮನಸ್ಸಿಟ್ಟು ತೊಡಗಲು ಬೇಕಾದವುಗಳಲ್ಲಿ ನಿರ್ಭಯವೂ ಒಂದು ಎಂದರು.

ಮನೆಯಿಂದ ತಂದ ಸ್ವಭಾವವನ್ನು ಯಾವ ಕಚೇರಿಯೂ ಅಳಿಸಲಾರದು. ಆದರೆ ಗಣಿ ಮತ್ತು ಗಿರಣಿಯ ಚರಿತ್ರೆ ಹೇಳುವುದು ಅದರ ಇನ್ನರ್ಧವನ್ನು: ಭರವಸೆ ಕೆಲಸದ ಏರ್ಪಾಟಿನಿಂದಲೂ ಹುಟ್ಟುತ್ತದೆ, ಏರ್ಪಾಟಿನಿಂದಲೇ ಸಾಯುತ್ತದೆ. 1970ರಲ್ಲಿ ಎರಿಕ್ ಮಿಲ್ಲರ್ ಅಹಮದಾಬಾದಿಗೆ ಮರಳಿ ಹೋದಾಗ, ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಇನ್ನೂ ನಡೆಯುತ್ತಿತ್ತು. ಬೇರೆಡೆ ಅದು ಸವೆದುಹೋಗಿತ್ತು.