ಒಂದು ಅಗುಳಿನ ಸಾಕ್ಷಿ

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕಂತೆ. ಆಂಡರ್ಸನ್‌ಪೇಟೆಯ ಬಳಿ ಸಯನೈಡ್ ದಿಬ್ಬಗಳ ಮುಂದೆ ನಿಂತಾಗ ಆ ಮಾತು ನನಗೆ ಅರ್ಧಸತ್ಯವೆನಿಸಿತು. ಚಿನ್ನವು ಅನ್ನದಂತಲ್ಲ, ಬಂಡೆಯಲ್ಲಿ ಒಂದೆಡೆ ಕೂಡಿ, ಮೊಳದಾಚೆ ಮಾಯವಾಗುತ್ತದೆ. ಹೊಳೆವ ಚೂರನ್ನು ನಂಬಿ ಲೆಕ್ಕ ತಪ್ಪಿದರೆ ದಂಡ ತೆರುವವನು ಆಳಕ್ಕಿಳಿದ ಕೂಲಿಕಾರ.

ಮಾದರಿಯಲ್ಲಿ ಬಲು ಸಮೃದ್ಧವೆನಿಸಿದ ಭಾಗ ಅಗೆದಾಗ ಅಷ್ಟು ಕೊಡದೆಂಬುದನ್ನು 1951ರಲ್ಲಿ ದಕ್ಷಿಣ ಆಫ್ರಿಕದ ಡಿ. ಜಿ. ಕ್ರಿಗೆ ಗಣಿತದಿಂದ ವಿವರಿಸಿದರು. ಅದೇ 1951-52ರಲ್ಲಿ ವಿಶ್ವಸಂಸ್ಥೆ, ಭಾರತ ಸರ್ಕಾರಗಳು ಮೈಸೂರು ರಾಜ್ಯದ ಆಯ್ದ ಮನೆಗಳನ್ನಷ್ಟೇ ವಿಚಾರಿಸಿ ಜನಸ್ಥಿತಿಯನ್ನು ಅಳೆದವು. ಮೆಚ್ಚಿನ ಮನೆಯನ್ನೇ ಆರಿಸಿದರೆ ಅದೂ ಹೊಳೆವ ಚೂರೇ. ಆಯ್ಕೆಯನ್ನು ಚೀಟಿಗೇ ಬಿಡಬೇಕು.

2001ರಲ್ಲಿ ಗಣಿ ಮುಚ್ಚಿತು. ದಿಬ್ಬಗಳಲ್ಲುಳಿದ ಚಿನ್ನದ ಆಸೆ ಮುಚ್ಚಿಲ್ಲ. ಅಗುಳು ಸಾಕ್ಷಿ ಹೇಳಬೇಕಾದರೆ ಮೊದಲು ಸೌಟು ತಳ ಮುಟ್ಟಿರಬೇಕು.