ಐದು ಮಾತುಗಳನ್ನು ಬಲ್ಲ ಯಂತ್ರ

ದೂರವಾಣಿಯ ಆದಿಕಾಲದಲ್ಲಿ ಒಬ್ಬರ ಮಾತು ಮತ್ತೊಬ್ಬರನ್ನು ಮುಟ್ಟಬೇಕಾದರೆ ನಡುವೆ ಮೂರನೆಯವರೊಬ್ಬರು ಇರಲೇಬೇಕಾಗಿದ್ದಿತು. 1878ರಲ್ಲಿ ಅಮೆರಿಕೆಯ ಬಾಸ್ಟನ್ ನಗರದಲ್ಲಿ, ಆ ಕೆಲಸದಲ್ಲಿದ್ದ ಹುಡುಗರ ಒರಟು ನಡೆನುಡಿಗಳಿಂದ ಚಂದಾದಾರರು ಬೇಸತ್ತಿದ್ದ ಕಾಲಕ್ಕೆ, ಎಮ್ಮಾ ನಟ್ ಎಂಬಾಕೆ ಆ ಕೆಲಸಕ್ಕೆ ನಿಯುಕ್ತಳಾದ ಮೊದಲ ಮಹಿಳೆ. ಆಕೆಯ ಹಿಂದೆಯೇ ಬಂದ ಅಸಂಖ್ಯ ಸ್ತ್ರೀಯರು ಸ್ವಿಚ್‌ಬೋರ್ಡಿನ ಮುಂದೆ ಸಾಲಾಗಿ ಕುಳಿತು, ಕರೆದವರ ಇಂಗಿತವನ್ನರಿತು, ತಂತಿಯ ತುದಿಯನ್ನು ತಕ್ಕ ರಂಧ್ರಕ್ಕೆ ಸೇರಿಸತೊಡಗಿದರು. ಆಲಿಸುವುದು, ಅರಿಯುವುದು, ಉಚಿತ ಸ್ಥಾನಕ್ಕೆ ಒಪ್ಪಿಸುವುದು, ಈ ಮೂರೂ ಅವರ ಧರ್ಮವಾಗಿದ್ದಿತು.

ಇವುಗಳಲ್ಲಿ ಯಂತ್ರಕ್ಕೆ ಮೊದಲು ವಶವಾದದ್ದು ಕೊನೆಯದು. ಶವಸಂಸ್ಕಾರದ ವೃತ್ತಿಯವನಾದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಸ್ವಯಂಚಾಲಿತ ಸ್ವಿಚ್ಚಿಗೆ ಪೇಟೆಂಟು ಪಡೆದನು. 1963ರಲ್ಲಿ ಗುಂಡಿಯೊತ್ತುವ ಫೋನು ಬಳಕೆಗೆ ಬಂದಿತು. ಆದರೆ ಆಲಿಸುವ ವಿದ್ಯೆ ಸುಲಭಸಾಧ್ಯವಾಗಿರಲಿಲ್ಲ. 1952ರಲ್ಲಿ ಬೆಲ್ ಪ್ರಯೋಗಶಾಲೆಯವರು ನಿರ್ಮಿಸಿದ ‘ಆಡ್ರಿ’ ಎಂಬ ಯಂತ್ರವು ತನಗೆ ಪರಿಚಿತವಾದ ಕಂಠವೊಂದು ತಡೆತಡೆದು ಉಚ್ಚರಿಸಿದ ಅಂಕಿಗಳನ್ನು ಮಾತ್ರ ಗುರುತಿಸಬಲ್ಲುದಾಗಿದ್ದಿತು.

ಯಾರ ಕಂಠವನ್ನಾದರೂ ಕೇಳಿ ಕರೆಯನ್ನು ಸಾಗಿಸುವ ವ್ಯವಸ್ಥೆಯನ್ನು ಅಮೆರಿಕೆಯ ದೂರವಾಣಿ ಸಂಸ್ಥೆಯಾದ ಎಟಿ ಅಂಡ್ ಟಿ 1992ರಲ್ಲಿ ದೇಶವ್ಯಾಪಿಯಾಗಿ ತರತೊಡಗಿತು. ಅದಕ್ಕೆ ತಿಳಿದಿದ್ದುದು ಕಲೆಕ್ಟ್, ಕಾಲಿಂಗ್ ಕಾರ್ಡ್, ಥರ್ಡ್ ನಂಬರ್, ಪರ್ಸನ್, ಆಪರೇಟರ್ ಎಂಬ ಐದೇ ಮಾತು: ಮೊದಲ ಮೂರು ಹಣವನ್ನು ತೆರುವವರಾರೆಂಬುದಕ್ಕೆ, ನಾಲ್ಕನೆಯದು ನಿರ್ದಿಷ್ಟ ವ್ಯಕ್ತಿಯೊಡನೆಯೇ ಮಾತಾಡಬೇಕೆಂಬುದಕ್ಕೆ, ಐದನೆಯದು ಮನುಷ್ಯರ ನೆರವು ಬೇಕೆಂಬುದಕ್ಕೆ. ಅದಕ್ಕೆ ಮುಂಚಿನ ಪ್ರಯೋಗಗಳಲ್ಲಿ, ಇವುಗಳಲ್ಲೊಂದನ್ನು ಮಾತ್ರ ನುಡಿಯಿರೆಂದು ಯಂತ್ರವು ಬೇಡಿದರೂ ಅನೇಕರು ‘ದಯವಿಟ್ಟು’ ಎಂಬ ಸೌಜನ್ಯದೊಡನೆ ಪೂರ್ಣವಾಕ್ಯವನ್ನೇ ಆಡುತ್ತಿದ್ದರು. ಜನರನ್ನು ತಿದ್ದಲು ಹೋಗದೆ ಯಂತ್ರವನ್ನೇ ತಿದ್ದಿದುದು ವಿಲ್ಪನ್, ರಾಬಿನರ್ ಮೊದಲಾದ ಸಂಶೋಧಕರ ವಿವೇಕ. 1990ರಲ್ಲಿ ಅವರು ಪ್ರಕಟಿಸಿದ ಕ್ರಮವು ಸಂಭವನೀಯತೆಯ ಗಣಿತದ ಬಲದಿಂದ, ಸುತ್ತಣ ಮಾತುಗಳೊಳಗಿಂದ ಬೇಕಾದ ಶಬ್ದವನ್ನು, ಮೊರದಲ್ಲಿ ಕಾಳನ್ನು ಹಸನು ಮಾಡುವಂತೆ, ಬೇರ್ಪಡಿಸಿತು.

ಮುಂದೆ ಅದೇ ಸಂಸ್ಥೆಯ ಅಲೆನ್ ಗೋರಿನ್ ಮತ್ತು ಸಂಗಡಿಗರು, ‘ನಾನು ಹೇಗೆ ನೆರವಾಗಲಿ?’ ಎಂದು ಕೇಳಿ, ಬಂದ ಉತ್ತರದ ಆಶಯದಂತೆ ಕರೆಯನ್ನು ವರ್ಗಾಯಿಸುವ ವ್ಯವಸ್ಥೆಯನ್ನು ರಚಿಸಿ 1997ರಲ್ಲಿ ವಿವರಿಸಿದರು. ಅದಕ್ಕೆ ಪಾಠವಾದದ್ದು ಗ್ರಾಹಕರಿಗೂ ಮಾನವ ಆಪರೇಟರುಗಳಿಗೂ ನಡೆದ ಸುಮಾರು 10,000 ನೈಜ ಸಂಭಾಷಣೆಗಳು. ಯಾರ ಉದ್ಯೋಗವನ್ನು ಯಂತ್ರವು ಕುಗ್ಗಿಸುತ್ತಿದ್ದಿತೋ ಅವರ ದೈನಂದಿನ ದುಡಿಮೆಯೇ ಅದಕ್ಕೆ ವಿದ್ಯಾದಾನ ಮಾಡಿದ್ದಿತು.

ಈ ಋಣವನ್ನು ಇತಿಹಾಸವು ಮರೆಯಲಾಗದು. ಯಂತ್ರದ ಅರಿವಿನ ಮೇರೆ ಮುಗಿದೆಡೆಯಲ್ಲಿ ಕರೆಯನ್ನು ಮನುಷ್ಯರಿಗೆ ಒಪ್ಪಿಸುವ ಆ ಐದನೆಯ ಮಾತು ಮೊದಲ ವ್ಯವಸ್ಥೆಯ ಅಂಗವೇ ಆಗಿದ್ದಿತು. ಅದನ್ನು ಮೆನುಗಳ ಜಟಿಲ ಮಾರ್ಗದಲ್ಲಿ ಮರೆಮಾಡುವ ಇಂದಿನ ಸೇವೆಗಳು ಎಷ್ಟೇ ಶಬ್ದಸಂಪನ್ನವಾಗಿದ್ದರೂ, ಆಲಿಸುವ ಧರ್ಮದಲ್ಲಿ ಆ ಹಳೆಯ ಯಂತ್ರಕ್ಕಿಂತ ಹಿಂದುಳಿದವೆಂದೇ ನನ್ನ ದೃಢವಾದ ಅಭಿಪ್ರಾಯ.